ಅಟ್ಟದಿಂದ ಇಳಿದ ಜಪಾನಿ ಗಿಟಾರ್: ನೆಕ್ ಬದಲಿಸುವ ಮುಂಚೆ ತಂತಿ ಯಾಕೆ ಮೇಲಿದೆ ನೋಡಿ

ಪ್ರಶ್ನೆ: ನಮ್ಮದು ಬೀದರ್. ನಮ್ಮ ದೊಡ್ಡಪ್ಪ 1970ರ ದಶಕದಲ್ಲಿ ಕಲಬುರಗಿಯ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಅವರು ತೀರಿಕೊಂಡು ಮೂರು ವರ್ಷ ಆಯ್ತು. ಮೊನ್ನೆ ಹಳೆ ಮನೆಯ ಅಟ್ಟ ಖಾಲಿ ಮಾಡುವಾಗ ಅವರ ಎಲೆಕ್ಟ್ರಿಕ್ ಗಿಟಾರ್ ಸಿಕ್ಕಿತು. ತಂತಿಯ ನಾದ ಹಿಡಿಯುವ ನಾಲ್ಕು ಪಿಕಪ್, ಒಂದೊಂದಕ್ಕೂ ಒಂದೊಂದು ಸ್ವಿಚ್. ತಲೆಯ ಮೇಲೆ ಹೆಸರಿಲ್ಲ, ಎರಡು ಸಣ್ಣ ತೂತು ಮಾತ್ರ ಇವೆ. ಹಿಂದಿನ ತಗಡಿನ ಮೇಲೆ ‘ಸ್ಟೀಲ್ ರೀಇನ್‌ಫೋರ್ಸ್ಡ್ ನೆಕ್, ಮೇಡ್ ಇನ್ ಜಪಾನ್’ ಅಂತ ಇದೆ. ತಂತಿಗಳು ಫ್ರೆಟ್‌ಗಳಿಂದ, ಅಂದರೆ ನೆಕ್ಕಿನ (ಗಿಟಾರಿನ ಕುತ್ತಿಗೆಯ) ಮೇಲಿನ ಅಡ್ಡ ಲೋಹದ ಪಟ್ಟಿಗಳಿಂದ, ಸುಮಾರು ಒಂದು ಸೆಂಟಿಮೀಟರ್ ಮೇಲಿವೆ, ಒತ್ತಲಿಕ್ಕೇ ಆಗುವುದಿಲ್ಲ. ಅಂಗಡಿಯವರು ‘ನೆಕ್ ಬಾಗಿದೆ, ನೆಕ್ಕು ಪಿಕಪ್ಪು ಎಲ್ಲ ಬದಲಿಸಿ, ಬಣ್ಣ ಹೊಡೆಸಿ’ ಅಂದರು. ಗುಜರಿಯವರು 800 ರೂಪಾಯಿ ಕೊಡುತ್ತೇನೆ ಅಂದರು. ಜೊತೆಗೆ ಎರಡು ಪಿನ್ನಿನ ಪ್ಲಗ್ ಇರುವ ಹಳೆ ಜಪಾನಿ ವಾಲ್ವ್ ಆಂಪ್ (ಆಂಪ್ಲಿಫೈಯರ್) ಕೂಡ ಇದೆ. ಇದು ಯಾವ ಗಿಟಾರ್? ಉಳಿಸಬಹುದಾ? ಇಂಥವು ಇನ್ನಷ್ಟು ಕೂಡಿಸಬೇಕು, ಬಿದ್ರಿ ಕೆಲಸ ಸೇರಿಸಿ ನಾನೇ ಒಂದು ಗಿಟಾರ್ ಮಾಡಬೇಕು ಅನ್ನೋ ಆಸೆಯೂ ಇದೆ. ನಮ್ಮ ಕಡೆ ಎಲ್ಲಿ ಹುಡುಕಲಿ? ಫೋಟೋ ಕಳಿಸಿದ್ದೇನೆ.

ಉತ್ತರ: ಮೊದಲು ಆಂಪ್ ವಿಷಯ ಹೇಳಿಬಿಡುತ್ತೇನೆ. ಅದನ್ನು ದಯವಿಟ್ಟು ಗೋಡೆಯ ಪ್ಲಗ್‌ಗೆ ಹಾಕಬೇಡಿ. ‘ಒಂದು ಸಲ ಹಚ್ಚಿ ನೋಡೋಣ’ ಅಂತಲೂ ಬೇಡ. ಜಪಾನಿನ ಮನೆಗಳಲ್ಲಿ ಬರೋದು 100 ವೋಲ್ಟ್ ಕರೆಂಟ್, ನಮ್ಮಲ್ಲಿ 230. ನಾನು ಹತ್ತೊಂಬತ್ತರ ವಯಸ್ಸಿನಲ್ಲಿ ಇಂಥದ್ದೇ ಒಂದು ಆಂಪನ್ನು ಗೆಳೆಯರ ಮನೆಯಿಂದ ಕೇಳಿ ತಂದು, ವೋಲ್ಟೇಜ್ ನೋಡದೆ ಹಚ್ಚಿದೆ. ಎರಡು ನಿಮಿಷದೊಳಗೆ ಟ್ರಾನ್ಸ್‌ಫಾರ್ಮರ್ ಸುಟ್ಟು ಕೋಣೆ ತುಂಬಾ ಹೊಗೆ. ಅದು ಅವರ ತಂದೆಯ ನೆನಪಿಗೆ ಉಳಿದಿದ್ದ ಒಂದೇ ವಸ್ತು. ಇವತ್ತಿಗೂ ಅದು ನನಗೆ ನೋವು. ಸುಡೋದು ಒಂದೇ ಅಲ್ಲ, ಜೀವಕ್ಕೂ ಅಪಾಯ ಇದೆ. ಆ ಕಾಲದ ಕೆಲವು ಅಗ್ಗದ ಆಂಪ್‌ಗಳಲ್ಲಿ ಕರೆಂಟನ್ನು ಬೇರೆ ಮಾಡುವ ಟ್ರಾನ್ಸ್‌ಫಾರ್ಮರೇ ಇರುತ್ತಿರಲಿಲ್ಲ. ಮನೆಯ ಕರೆಂಟ್ ನೇರ ಗಿಟಾರ್ ತಂತಿಯವರೆಗೆ ಬರಬಹುದು. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ನಿಂತಿರುತ್ತದೆ, ಹಾಗಾಗಿ ಹಿಂದಿನ ಹಲಗೆ ಕೂಡ ಬಿಚ್ಚಬೇಡಿ. ವಾಲ್ವ್ ರೇಡಿಯೋ ರಿಪೇರಿ ಮಾಡಿದ ಹಿರಿಯ ಮೆಕ್ಯಾನಿಕ್‌ಗಳು ಬೀದರ್‌ನಲ್ಲಾಗಲಿ ಕಲಬುರಗಿಯಲ್ಲಾಗಲಿ ಯಾರಾದರೂ ಇದ್ದರೆ ಅವರಿಗೇ ತೋರಿಸಿ. ಹೊಸ ಕೆಪಾಸಿಟರ್, ಅರ್ಥ್ ಇರುವ ಮೂರು ಪಿನ್ನಿನ ವೈರ್, ಕರೆಂಟನ್ನು ಬೇರೆ ಮಾಡುವಂಥ (ಐಸೊಲೇಶನ್) ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್, ಈ ಮೂರೂ ಆದ ಮೇಲೆಯೇ ಅದಕ್ಕೆ ಕರೆಂಟ್ ಕೊಡಿ. ಅಲ್ಲಿಯವರೆಗೆ ಗಿಟಾರ್ ಪರೀಕ್ಷೆಗೆ ಈಗಿನ ಒಂದು ಸಣ್ಣ ಪ್ರಾಕ್ಟೀಸ್ ಆಂಪ್ ಸಾಕು.

ಈಗ ಗಿಟಾರ್. ನಿಮ್ಮ ಫೋಟೋಗಳನ್ನು ಭಾಳ ಹೊತ್ತು ನೋಡಿದೆ. ಎರಡು ವಿಷಯ ಕಣ್ಣಿಗೆ ಬಿದ್ದವು. ಒಂದು, ಅಷ್ಟು ವರ್ಷ ಆರ್ಕೆಸ್ಟ್ರಾದಲ್ಲಿ ನುಡಿಸಿದ ಗಿಟಾರ್ ಆದರೂ ಫ್ರೆಟ್‌ಗಳು ಸವೆದೇ ಇಲ್ಲ. ಬೆರಳಿನಿಂದ ತಂತಿ ಒತ್ತಿ ನುಡಿಸಿದರೆ ಮೊದಲ ಮೂರು ನಾಲ್ಕು ಫ್ರೆಟ್‌ಗಳ ಮೇಲೆ ತಂತಿಯ ಗೀರು ಬೀಳಲೇಬೇಕು. ನಿಮ್ಮದರಲ್ಲಿ ಒಂದು ಗೀರೂ ಇಲ್ಲ. ಎರಡನೆಯದು, ತಲೆ ಮತ್ತು ಫ್ರೆಟ್‌ಬೋರ್ಡ್ ಕೂಡುವ ಕಡೆ, ತಂತಿಗಳ ಕೆಳಗೆ, ಒಂದು ಉಕ್ಕಿನ ತುಂಡು ಹೊಳೆಯುತ್ತಿದೆ. ಅದು ಗಿಟಾರ್ ಜೊತೆ ಬಂದ ಭಾಗ ಅಲ್ಲ. ನಟ್ (ತಲೆಯ ಬುಡದಲ್ಲಿ ತಂತಿಗಳು ಕೂರುವ ಪಟ್ಟಿ) ಮೇಲೆ ಟೋಪಿಯ ಹಾಗೆ ಕೂರಿಸಿ ತಂತಿಗಳನ್ನು ಬೇಕಂತಲೇ ಮೇಲೆತ್ತಲಿಕ್ಕೆ ಇಟ್ಟದ್ದು.

ನಿಮ್ಮ ದೊಡ್ಡಪ್ಪ ಹವಾಯಿಯನ್ ಗಿಟಾರ್ ನುಡಿಸುತ್ತಿದ್ದರು. ತೊಡೆಯ ಮೇಲೆ ಗಿಟಾರನ್ನು ಅಂಗಾತ ಇಟ್ಟುಕೊಂಡು, ಎಡಗೈಯಲ್ಲಿ ಉಕ್ಕಿನ ಸರಳು ಹಿಡಿದು ತಂತಿಗಳ ಮೇಲೆ ಜಾರಿಸುತ್ತಾ ನುಡಿಸುವ ಪದ್ಧತಿ ಅದು. ಸರಳು ಫ್ರೆಟ್‌ಗೆ ತಾಗಬಾರದು, ಅದಕ್ಕೇ ತಂತಿ ಅಷ್ಟು ಮೇಲೆ. ಈ ಪದ್ಧತಿಯಲ್ಲಿ ಫ್ರೆಟ್ ಅಂದರೆ ಬರೀ ಕಣ್ಣಿಗೆ ಗುರುತು. ಅಂಗಡಿಯವರು ದೋಷ ಅಂದದ್ದು ದೋಷ ಅಲ್ಲ, ಅದು ದೊಡ್ಡಪ್ಪನ ಕೈ ಗುರುತು. ನೆಕ್ ಬದಲಿಸಿದ್ದರೆ ಅದು ಅಳಿಸಿಹೋಗುತ್ತಿತ್ತು.

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮಲ್ಲಿ ಎಲೆಕ್ಟ್ರಿಕ್ ಗಿಟಾರ್ ಅಂದರೆ ರಾಕ್ ಬ್ಯಾಂಡ್ ಅನ್ನೋ ಚಿತ್ರವೇ ಮೊದಲು ಬರುತ್ತದೆ. ಆದರೆ ಯಶಸ್ವಿಯಾಗಿ ಮಾರಾಟವಾದ ಮೊದಲ ಎಲೆಕ್ಟ್ರಿಕ್ ಗಿಟಾರ್ ತೊಡೆಯ ಮೇಲೆ ಇಟ್ಟು ನುಡಿಸುವಂಥದ್ದೇ. 1932ರಲ್ಲಿ ಅಮೆರಿಕದ ರಿಕನ್‌ಬ್ಯಾಕರ್ ಕಂಪನಿ ಮಾರಾಟಕ್ಕೆ ತಂದ ಆ ಅಲ್ಯೂಮಿನಿಯಂ ಗಿಟಾರನ್ನು ಅದರ ಆಕಾರ ನೋಡಿ ಜನ ‘ಫ್ರೈಯಿಂಗ್ ಪ್ಯಾನ್’ ಅಂದರು. ರಾಕ್‌ನಲ್ಲಿ ಹೆಸರಾದ ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಗಿಟಾರ್ ಬಂದದ್ದು 1954ರಲ್ಲಿ, ಇಪ್ಪತ್ತೆರಡು ವರ್ಷ ಆದ ಮೇಲೆ. ಹವಾಯಿಯ ಟಾವ್ ಮೋ ಕೋಲ್ಕತ್ತದಲ್ಲಿ ನೆಲೆಸಿ ಈ ವಾದ್ಯ ಕಲಿಸಿದರು. ಮುಂದೆ ವ್ಯಾನ್ ಶಿಪ್ಲಿ, ಹಜಾರಾ ಸಿಂಗ್, ಸುನಿಲ್ ಗಂಗೂಲಿ ಇವರೆಲ್ಲ ಹಿಂದಿ ಸಿನಿಮಾ ಹಾಡುಗಳನ್ನು ಗಿಟಾರ್ ಮೇಲೆ ನುಡಿಸಿ ರೆಕಾರ್ಡ್ ತಂದರು. ಬ್ರಿಜ್ ಭೂಷಣ್ ಕಾಬ್ರಾ ಅದನ್ನು ರಾಗದಾರಿ ಕಛೇರಿಗೆ ಒಯ್ದರು. ನಮ್ಮ ಕಿವಿಗೆ ಇದು ಅಷ್ಟು ಬೇಗ ಒಗ್ಗಿದ್ದಕ್ಕೆ ಕಾರಣ ಮೀಂಡ್. ಸ್ವರದಿಂದ ಸ್ವರಕ್ಕೆ ಜಾರುವುದು ನಮಗೆ ಹೊಸದಲ್ಲ. ವಿಚಿತ್ರ ವೀಣೆ, ಗೋಟುವಾದ್ಯ ಎರಡೂ ಹೀಗೇ ಜಾರಿಸಿ ನುಡಿಸುವ ವಾದ್ಯಗಳು. ಆ ಕಾಲದ ಆರ್ಕೆಸ್ಟ್ರಾದಲ್ಲಿ ಹಾಡುವವರ ದನಿಯ ಹಿಂದೆ ಎಳೆದೆಳೆದು ಬರುತ್ತಿದ್ದ ಆ ನಾದ ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಕೇಳಿ ನೋಡಿ.

ಹಾಗಾದರೆ ನೆಕ್ ನಿಜವಾಗಿ ಬಾಗಿದೆಯಾ? ನಟ್ ಮೇಲೆ ಆ ಉಕ್ಕಿನ ತುಂಡು ಇರುವ ತನಕ ತಂತಿ ನೋಡಿ ಏನನ್ನೂ ಹೇಳಲಿಕ್ಕೆ ಬರುವುದಿಲ್ಲ. ಒಂದು ಉದ್ದನೆಯ ಉಕ್ಕಿನ ಸ್ಕೇಲನ್ನು ಫ್ರೆಟ್‌ಗಳ ಮೇಲೆ ಅಂಚಿನ ಮೇಲೆ ನಿಲ್ಲಿಸಿ, ಬೆಳಕಿಗೆ ಹಿಡಿದು ನೋಡಿ. ಏಳನೇ ಫ್ರೆಟ್ ಹತ್ತಿರ ಒಂದು ವಿಸಿಟಿಂಗ್ ಕಾರ್ಡ್ ದಪ್ಪದ ಸಂದು ಕಂಡರೆ ನೆಕ್ ಸರಿಯಾಗಿದೆ. ಅದಕ್ಕಿಂತ ಜಾಸ್ತಿ ಇದ್ದರೂ ಗಾಬರಿ ಬೇಡ. ಇಂಥ ನೆಕ್‌ಗಳಲ್ಲಿ ಎಷ್ಟೋ ಸಲ ಒಳಗೆ ಬರೀ ಉಕ್ಕಿನ ಪಟ್ಟಿ ಇರುತ್ತದೆ, ತಿರುಗಿಸಿ ಸರಿ ಮಾಡುವ ಟ್ರಸ್ ರಾಡ್ ಇರುವುದಿಲ್ಲ. ತೊಡೆಯ ಮೇಲೆ ಸರಳಿನಿಂದ ನುಡಿಸುವಾಗ ಸ್ವಲ್ಪ ಬಾಗು ಲೆಕ್ಕಕ್ಕೇ ಬರುವುದಿಲ್ಲ.

ಇದನ್ನು ಮಾಡಿದವರು ಯಾರು ಅನ್ನೋದು ಮುಂದಿನ ಮಾತು. 1965ರಲ್ಲಿ ಅಮೆರಿಕದ ವೆಂಚರ್ಸ್ ತಂಡ ಜಪಾನಿನಲ್ಲಿ ಊರೂರು ಸುತ್ತಿ ನುಡಿಸಿದ ಮೇಲೆ ಅಲ್ಲಿ ಗಿಟಾರ್ ಹುಚ್ಚು ಹಬ್ಬಿತು. ಅದಕ್ಕೆ ‘ಎಲೆಕಿ ಬೂಮ್’ ಅಂತಲೇ ಹೆಸರು. ಟೀಸ್ಕೋ, ಗಯಾಟೋನ್, ಕವಾಯ್ ಕಂಪನಿಗಳು ಆಗ ಲೆಕ್ಕವಿಲ್ಲದಷ್ಟು ಆಕಾರದ ಗಿಟಾರ್‌ಗಳನ್ನು ಮಾಡಿದವು. 1967ರಲ್ಲಿ ಕವಾಯ್ ಟೀಸ್ಕೋವನ್ನು ಕೊಂಡುಕೊಂಡಿತು. ಒಂದೇ ಕಾರ್ಖಾನೆಯ ಗಿಟಾರ್ ಬೇರೆ ಬೇರೆ ವ್ಯಾಪಾರಿಗಳ ಹೆಸರಿನಲ್ಲಿ ಹೊರಗೆ ಹೋಗುತ್ತಿತ್ತು. ತಲೆಯ ಮೇಲಿನ ಆ ಎರಡು ತೂತು ಹೆಸರಿನ ಬಿಲ್ಲೆ ಕೂರಿಸಿದ್ದ ಜಾಗ. ಬಿಲ್ಲೆ ಉದುರಿಹೋಗಿದೆ, ಅಷ್ಟೇ. ನಾಲ್ಕು ಪಿಕಪ್, ಒಂದೊಂದಕ್ಕೆ ಒಂದು ಸ್ವಿಚ್, ಹಿಂದಿನ ತಗಡಿನ ಆ ಬರಹ, ತಲೆಯ ಒಂದು ಬದಿಗೆ ನಾಲ್ಕು ಇನ್ನೊಂದು ಬದಿಗೆ ಎರಡು ಕಿವಿ (ತಂತಿ ಬಿಗಿಯುವ ಕೀಲಿ). ಇವೆಲ್ಲ ಒಟ್ಟಿಗೆ ಇರೋದರಿಂದ ನನ್ನ ಬೆರಳು ಟೀಸ್ಕೋ ಕಡೆಗೇ ಹೋಗುತ್ತದೆ. ಪಕ್ಕಾ ಮಾಡಲಿಕ್ಕೆ ಪಿಕ್‌ಗಾರ್ಡ್ (ಗಿಟಾರಿನ ಮುಂಭಾಗದ ಮುಚ್ಚಳ ಹಾಳೆ) ಬಿಚ್ಚಿದಾಗ ಒಳಗಿನ ಪಾಟ್ (ನಾಬ್ ಕೆಳಗಿನ ವಾಲ್ಯೂಮ್ ಕಂಟ್ರೋಲ್), ಪಿಕಪ್ ತಳ, ನೆಕ್ ಬುಡ ಮೂರರ ಫೋಟೋ ತೆಗೆಯಿರಿ. ಪೆನ್ಸಿಲ್‌ನಲ್ಲೋ ಸೀಲಿನಲ್ಲೋ ಏನಾದರೂ ಬರೆದಿರುತ್ತದೆ. ಅದನ್ನು ಒರೆಸಬೇಡಿ.

ಪಿಕಪ್ ಬದಲಿಸುವ ಮಾತಂತೂ ಬೇಡವೇ ಬೇಡ. ನಿಮ್ಮ ಗಿಟಾರ್‌ನ ಪಿಕಪ್ ಮುಚ್ಚಳದ ಒಳಗೆ ಬಂಗಾರದ ಬಣ್ಣದ ಹಾಳೆ ಮಿನುಗುತ್ತಿದೆ. ಅದಕ್ಕೆ ಗೋಲ್ಡ್ ಫಾಯಿಲ್ ಅಂತಾರೆ. ಒಂದು ಕಾಲಕ್ಕೆ ಇವನ್ನು ಅಗ್ಗದ ಮಾಲು ಅಂತ ಕಿತ್ತು ಬಿಸಾಡುತ್ತಿದ್ದರು. ಆಮೇಲೆ ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ತಮ್ಮ ಸ್ಟ್ರಾಟೋಕಾಸ್ಟರ್‌ಗೆ ಒಂದು ಟೀಸ್ಕೋ ಪಿಕಪ್ ಹಾಕಿಸಿಕೊಂಡರು. ನಮ್ಮ ವಿಶ್ವಮೋಹನ ಭಟ್ಟರ ಜೊತೆ ನುಡಿಸಿ 1994ರಲ್ಲಿ ಗ್ರ್ಯಾಮಿ ಪಡೆದರಲ್ಲ, ಅದೇ ಕೂಡರ್. ಅಲ್ಲಿಂದ ಈ ಪಿಕಪ್‌ಗೆ ಬೇಡಿಕೆ ಏರಿತು. ಗುಜರಿಯವರು ಇಡೀ ಗಿಟಾರ್‌ಗೆ ಹೇಳಿದ 800 ರೂಪಾಯಿಗೆ ಇವತ್ತು ಇಂಥ ಒಂದು ಪಿಕಪ್ಪೂ ಬರುವುದಿಲ್ಲ.

ಪಿಕಪ್ ಅಂದರೆ ಮ್ಯಾಗ್ನೆಟ್ ಸುತ್ತ ಸುತ್ತಿದ ಸಾವಿರಾರು ಸುತ್ತಿನ ತಾಮ್ರದ ತಂತಿ. ತಂತಿ ಸುಮಾರು 0.06 ಮಿಲಿಮೀಟರ್, ಕೂದಲಿನಷ್ಟು ತೆಳು. ಬದುಕಿದೆಯಾ ಅಂತ ನೋಡಲಿಕ್ಕೆ ಮಲ್ಟಿಮೀಟರ್ ಸಾಕು. ಒಂದು ಸ್ವಿಚ್ ಮಾತ್ರ ಆನ್ ಮಾಡಿ, ವಾಲ್ಯೂಮ್ ಪೂರ್ತಿ ಏರಿಸಿ, ಜ್ಯಾಕ್‌ಗೆ ಹಾಕಿದ ಕೇಬಲ್‌ನ ಇನ್ನೊಂದು ತುದಿಯಲ್ಲಿ ಅಳೆಯಿರಿ. ಸಾಮಾನ್ಯವಾಗಿ 4ರಿಂದ 9 ಕಿಲೋ ಓಮ್ ಒಳಗೆ ಏನಾದರೂ ಬಂದರೆ ಜೀವ ಇದೆ. ನಾಲ್ಕನ್ನೂ ಹೀಗೇ ಒಂದೊಂದಾಗಿ ಅಳೆದು ಬರೆದಿಡಿ, ದಿನದ ಬಿಸಿಯನ್ನೂ ಬರೆಯಿರಿ. ತಾಮ್ರ ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಏರುತ್ತದೆ. 20 ಡಿಗ್ರಿಯಲ್ಲಿ 6 ತೋರಿಸುವ ಪಿಕಪ್ ನಮ್ಮ ಮೇ ತಿಂಗಳ 42 ಡಿಗ್ರಿಯಲ್ಲಿ 6.5 ತೋರಿಸುತ್ತದೆ. ಇದು ಗೊತ್ತಿಲ್ಲದೆ ‘ಪಿಕಪ್ ಬೇರೆ ಹಾಕಿದ್ದಾರೆ’ ಅಂತ ಜಗಳವಾಡಿದವರನ್ನು ನಾನು ನೋಡಿದ್ದೇನೆ.

ಏನೂ ತೋರಿಸದಿದ್ದರೂ ಕೈ ಬಿಡಬೇಡಿ. ವಾಡಿಯ ರೈಲ್ವೆ ಕಾಲೊನಿಯ ಒಂದು ಮನೆಯಿಂದ ನನ್ನ ಹತ್ತಿರ ಇಂಥದ್ದೇ ಗಿಟಾರ್ ಬಂದಿತ್ತು. ಒಂದು ಪಿಕಪ್ ಪೂರ್ತಿ ಸತ್ತಿತ್ತು. ಏಪ್ರಿಲ್ ಮಧ್ಯಾಹ್ನ. ಮುಚ್ಚಳದ ಕಿವಿಗಳನ್ನು ಮೆಲ್ಲಗೆ ಎತ್ತಿ, ಭೂತಗನ್ನಡಿ ಹಿಡಿದು ನೋಡಿದರೆ ಸುರುಳಿಯ ಹೊರಗಿನ ತುದಿ ಬೆಸುಗೆಯ ಹತ್ತಿರ ಹಸಿರುಗಟ್ಟಿ ತುಂಡಾಗಿತ್ತು. ಒಳಗೆಲ್ಲ ಚೊಕ್ಕ. ಫ್ಯಾನ್ ಗಾಳಿಗೆ ಆ ಎಳೆ ಅಲುಗಾಡುತ್ತಿತ್ತು, ಫ್ಯಾನ್ ಬಂದ್ ಮಾಡಿದೆ. ಒಂದು ಸುತ್ತು ಬಿಚ್ಚಿ, ಮೇಲಿನ ಲೇಪವನ್ನು ಸಣ್ಣ ಮರಳು ಕಾಗದದಿಂದ ಉಸಿರು ಹಿಡಿದು ತೆಗೆದು, ಹೊಸ ಎಳೆಗೆ ಬೆಸೆದೆ. ಬೆವರು ಕನ್ನಡಕದ ಮೇಲೆ ಇಳಿಯುತ್ತಿತ್ತು. ಮೀಟರ್ ಮುಳ್ಳು ಎದ್ದಾಗ ಆದ ಸಂತೋಷ ಏನು ಹೇಳಲಿ! ಐವತ್ತು ವರ್ಷದ ಹಿಂದಿನ ಆ ಸುರುಳಿಯ ಸಾವಿರಾರು ಸುತ್ತುಗಳು ಹಾಗೇ ಉಳಿದವು. ನಿಮಗೆ ಈ ಕೆಲಸ ಮೊದಲ ಸಲವಾದರೆ ನೀವೇ ಮಾಡಬೇಡಿ. ಪೂರ್ತಿ ಹೊಸದಾಗಿ ಸುತ್ತಿಸಬೇಕಾಗಿ ಬಂದರೂ ಬೋರ್‌ವೆಲ್ ಮೋಟಾರ್ ವೈಂಡಿಂಗ್ ಮಾಡುವವರಿಗೆ ಕೊಡಬೇಡಿ. ಅವರ ಕೈ ಒಳ್ಳೆಯದೇ, ಆದರೆ ಅವರ ತಂತಿ ಇದಕ್ಕೆ ಭಾಳ ದಪ್ಪ.

ಸ್ವಿಚ್ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಬಿಟ್ಟು ಇಪ್ಪತ್ತು ಮೂವತ್ತು ಸಲ ಆಡಿಸಿ. ಹೆಚ್ಚಿನವು ಸರಿಹೋಗುತ್ತವೆ. ತಂತಿ ಬಿಚ್ಚುವ ಮುಂಚೆ ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳು ಕೂರುವ ಆಸರೆ) ನಿಂತ ಜಾಗಕ್ಕೆ ಕಾಗದದ ಟೇಪ್ ಅಂಟಿಸಿ ಗುರುತು ಹಾಕಿ, ಕೆಲವು ಮಾಡೆಲ್‌ಗಳಲ್ಲಿ ಅದು ತಂತಿಯ ಒತ್ತಡದಿಂದ ಮಾತ್ರ ನಿಂತಿರುತ್ತದೆ. ಬಣ್ಣ ಹೊಡೆಸಬೇಡಿ. ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆಯಿಂದ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಒರೆಸಿ, ಸಾಕು. ಮತ್ತೆ ಅಟ್ಟಕ್ಕಂತೂ ಏರಿಸಬೇಡಿ. ನಮ್ಮ ಬೇಸಿಗೆಯ ಒಣ ಬಿಸಿಗೆ ಮರ ಸೊರಗಿ ಫ್ರೆಟ್‌ನ ತುದಿಗಳು ಬದಿಯಿಂದ ಮುಳ್ಳಿನ ಹಾಗೆ ಹೊರಗೆ ಬರುತ್ತವೆ. ಮನೆಯಲ್ಲಿ ತಂಪಾಗಿರುವ ನಡುಕೋಣೆ, ಹೊರಗೋಡೆಗೆ ತಾಗದ ಜಾಗ, ಅಲ್ಲಿಡಿ.

ಹುಡುಕುವ ವಿಷಯಕ್ಕೆ ಬರೋಣ. ವಿದೇಶಿ ವಾದ್ಯ ತರಿಸೋದು ಕಷ್ಟವಾಗಿದ್ದ ಕಾಲ ಅದು. ಹಾಗಾಗಿ ನಮ್ಮ ಕಡೆ ಬಂದ ಗಿಟಾರ್‌ಗಳಿಗೆ ದಾರಿಗಳು ಕೆಲವೇ. ರೈಲ್ವೆ, ಚರ್ಚ್, ಗಲ್ಫ್‌ಗೆ ದುಡಿಯಲು ಹೋದವರು, ಹೈದರಾಬಾದ್. ಹುಡುಕೋದೂ ಅದೇ ದಾರಿ ಹಿಡಿದು. ವಾಡಿ, ಶಹಾಬಾದ್ ಕಡೆ ರೈಲ್ವೆಯಲ್ಲಿ ನಿವೃತ್ತರಾದವರ ಮನೆಗಳು, ಬೀದರ್ ಮತ್ತು ಕಲಬುರಗಿಯ ಮೆಥೋಡಿಸ್ಟ್ ಚರ್ಚ್‌ಗಳ ಹಳೆಯ ಗಾಯಕವೃಂದದವರು, ಗಣೇಶೋತ್ಸವ ಜಾತ್ರೆಗಳಲ್ಲಿ ನುಡಿಸುತ್ತಿದ್ದ ಆರ್ಕೆಸ್ಟ್ರಾದವರು. ಸುಮ್ನೆ ಹೋಗಿ ‘ಗಿಟಾರ್ ಮಾರ್ತೀರಾ’ ಅಂತ ಕೇಳಬೇಡಿ. ಕೂತು ಮಾತಾಡಿ, ಯಾರು ಯಾರು ಜೊತೆಗಿದ್ದರು ಕೇಳಿ, ಹಳೆ ಫೋಟೋ ನೋಡಿ. ಅವರ ಮಗನೋ ಮೊಮ್ಮಗಳೋ ನುಡಿಸುವ ಆಸೆ ಇಟ್ಟುಕೊಂಡಿದ್ದರೆ ರಿಪೇರಿ ಮಾಡಿಕೊಟ್ಟು ಬನ್ನಿ, ಗಿಟಾರ್ ಅಲ್ಲೇ ಇರಲಿ. ನಾನು ಹಾಗೆ ಬಿಟ್ಟು ಬಂದವು ನನ್ನ ಹತ್ತಿರ ಇರುವುದಕ್ಕಿಂತ ಜಾಸ್ತಿ. ಹೈದರಾಬಾದಿನ ಜುಮೇರಾತ್ ಬಜಾರ್‌ಗೆ ಗುರುವಾರ ಬೆಳಗ್ಗೆ ಬೇಗ ಹೋದರೆ ಒಮ್ಮೊಮ್ಮೆ ಬಿಡಿಭಾಗ ಸಿಗುತ್ತವೆ. ಗಿವ್ಸನ್, ಹೋಬ್ನರ್ ಅಂತ ಹೆಸರಿದ್ದರೆ ವಿದೇಶಿ ಕಂಪನಿಯ ಹೆಸರಿನ ಅಕ್ಷರ ತಪ್ಪಾದ ನಕಲಿ ಅಂತ ತಳ್ಳಬೇಡಿ, ಅವು ನಮ್ಮ ದೇಶದಲ್ಲೇ ಮಾಡಿದವು. ಅವುಗಳ ಎಲೆಕ್ಟ್ರಿಕ್ ಮಾಡೆಲ್‌ಗಳನ್ನು ಈಗ ಕೂಡಿಸುವವರು ಕಡಿಮೆ, ಅದಕ್ಕೇ ಈಗಲೇ ಕೂಡಿಸಬೇಕು. ಸೋವಿಯತ್ ಕಾಲದ ಉರಾಲ್, ಟೋನಿಕಾ ಏನಾದರೂ ಸಿಕ್ಕರೆ ಕೇಬಲ್ ತೂರಿಸುವ ಜಾಗ ನೋಡಿ. ಅಲ್ಲಿ ನಮ್ಮ ಮಾಮೂಲಿ ಜ್ಯಾಕ್ ಬದಲು ಐದು ಪಿನ್ನಿನ ಗುಂಡು ಸಾಕೆಟ್ ಇರಬಹುದು. ಅದನ್ನು ಕಿತ್ತು ಜ್ಯಾಕ್ ಹಾಕಬೇಡಿ, ಅದಕ್ಕೆ ಹೊಂದುವ ಕೇಬಲ್ ಮಾಡಿಸಿ.

ಇನ್ನೊಂದು ವಾದ್ಯ ನಿಮ್ಮ ಕಣ್ಣೆದುರೇ ಇದೆ. ಖವ್ವಾಲಿಯಲ್ಲಿ, ಮೆರವಣಿಗೆಯಲ್ಲಿ ಕೇಳುವ ಬ್ಯಾಂಜೋ. 1912ರಲ್ಲಿ ಜಪಾನಿನ ನಗೋಯಾದಲ್ಲಿ ಗೋರೋ ಮೊರಿತಾ ಟೈಪ್‌ರೈಟರ್ ಕೀಲಿ ನೋಡಿ ಮಾಡಿದ ತೈಶೋಗೋತೋ ನಮ್ಮಲ್ಲಿಗೆ ಬಂದು ಬುಲ್‌ಬುಲ್ ತರಂಗ್ ಆಯ್ತು, ಬ್ಯಾಂಜೋ ಆಯ್ತು. ಆಮೇಲೆ ನಮ್ಮವರೇ ಅದಕ್ಕೆ ಪಿಕಪ್ ಹಾಕಿದರು. ಊರಿನ ಬಡಗಿ, ಊರಿನ ರೇಡಿಯೋ ಮೆಕ್ಯಾನಿಕ್ ಸೇರಿ ಮಾಡಿದ ಹಳೆಯ ಎಲೆಕ್ಟ್ರಿಕ್ ಬ್ಯಾಂಜೋಗಳು ಒಂದರ ಹಾಗೆ ಇನ್ನೊಂದಿಲ್ಲ. ನನ್ನ ಮಟ್ಟಿಗೆ ನಮ್ಮ ಭಾಗದ ನಿಜವಾದ ಅಪರೂಪದ ಎಲೆಕ್ಟ್ರಿಕ್ ತಂತಿವಾದ್ಯ ಅಂದರೆ ಅದೇ. ಕೀಬೋರ್ಡ್ ಬಂದ ಮೇಲೆ ಎಷ್ಟೋ ಮೂಲೆ ಸೇರಿವೆ.

ನೀವೇ ಮಾಡುವ ಗಿಟಾರ್ ಬಗ್ಗೆ. ಧೈರ್ಯವಾಗಿ ಮಾಡಿ. ಬ್ರಿಯಾನ್ ಮೇ 1963ರಲ್ಲಿ ಅಪ್ಪನ ಜೊತೆ ಸೇರಿ ಹಳೆ ಬೆಂಕಿಗೂಡಿನ ಮರ, ಮೋಟಾರ್ ಸೈಕಲ್‌ನ ವಾಲ್ವ್ ಸ್ಪ್ರಿಂಗ್ ಹಾಕಿ ಮಾಡಲು ಶುರು ಮಾಡಿದ ಗಿಟಾರನ್ನೇ ಮುಂದೆ ಬ್ರಿಟನ್ನಿನ ಕ್ವೀನ್ ರಾಕ್ ತಂಡದಲ್ಲಿ ನುಡಿಸುತ್ತಾ ಬಂದರು. ನಮ್ಮಲ್ಲಿ ಹಳೆ ವಾಡೆಗಳ ಸಾಗುವಾನಿ ಬಾಗಿಲು ಸಿಗುತ್ತವೆ, ನೂರು ವರ್ಷ ಒಣಗಿದ ಮರ. ಗರಗಸ ಇಡುವ ಮುಂಚೆ ಮ್ಯಾಗ್ನೆಟ್ ಆಡಿಸಿ ಮುರಿದ ಮೊಳೆ ಹುಡುಕಿ. ಸಾಗುವಾನಿಯಲ್ಲಿ ಎಣ್ಣೆ ಅಂಶ ಇರುತ್ತದೆ, ಅಂಟು ಹಚ್ಚುವ ಸ್ವಲ್ಪ ಮುಂಚೆ ಅಸಿಟೋನ್‌ನಿಂದ ಒರೆಸದಿದ್ದರೆ ಜೋಡಣೆ ಬಿಟ್ಟುಕೊಳ್ಳುತ್ತದೆ. ಮೊದಲ ಗಿಟಾರ್‌ಗೆ ನೆಕ್ ಕೊಂಡು ತನ್ನಿ, ಬಾಡಿ ಮಾತ್ರ ಮಾಡಿ. ಬ್ರಿಡ್ಜ್ ಎಲ್ಲಿ ಕೂರಬೇಕು ಅನ್ನೋದು ಇಲ್ಲಿ ಮುಖ್ಯ. ನಟ್‌ನಿಂದ ಹನ್ನೆರಡನೇ ಫ್ರೆಟ್‌ಗೆ ಎಷ್ಟು ದೂರವೋ, ಅಲ್ಲಿಂದ ಬ್ರಿಡ್ಜ್‌ಗೂ ಅಷ್ಟೇ ದೂರ. ಮೇಲೆ ಎರಡು ಮೂರು ಮಿಲಿಮೀಟರ್ ಹಿಂದೆ ಮುಂದೆ ಸರಿಸಲು ಜಾಗ ಬಿಡಿ.

ಬಿದ್ರಿ ಎಲ್ಲಿ ಹಾಕಬೇಕು? ನಾನಾದರೆ ನಾಬ್‌ಗಳಿರುವ ಕಂಟ್ರೋಲ್ ಪ್ಲೇಟಿಗೆ ಹಾಕುತ್ತೇನೆ. ಪಿಕಪ್ ಸುತ್ತ ಬೇಡ. ಬಿದ್ರಿಯ ಸತು ತಾಮ್ರದ ಮಿಶ್ರಲೋಹ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ ನಿಜ, ಆದರೆ ಕರೆಂಟ್ ಹರಿಸುತ್ತದೆ. ಪಿಕಪ್‌ಗೆ ಒತ್ತಿಕೊಂಡು ದಪ್ಪ ಲೋಹ ಇದ್ದರೆ ಅದರೊಳಗೆ ಸುಳಿ ಕರೆಂಟ್ ಹುಟ್ಟಿ ತಾರಕದ ಹೊಳಪು ಕುಗ್ಗುತ್ತದೆ. ತಂತಿಯ ಎಳೆತ ಬೀಳುವ ಕಡೆಯೂ ಬೇಡ, ಎರಕದ ಲೋಹ ಬಿರುಕು ಬಿಡಬಹುದು. ಹತ್ತು ಸೆಂಟಿಮೀಟರ್ ಉದ್ದ, ಐದು ಅಗಲ, ಮೂರು ಮಿಲಿಮೀಟರ್ ದಪ್ಪದ ಪ್ಲೇಟ್ ಸುಮಾರು ನೂರು ಗ್ರಾಂ ತೂಗುತ್ತದೆ, ಕೈಗೆ ಭಾರ ಅನಿಸುವುದಿಲ್ಲ. ಸ್ಕ್ರೂ ಮತ್ತು ಪಾಟ್ ತೂತುಗಳನ್ನು ಬೆಳ್ಳಿ ಕೂರಿಸುವ ಮುಂಚೆಯೇ ಕೊರೆಸಿ. ಕಪ್ಪು ಹಾಕೋದು ಕಟ್ಟಕಡೆಯ ಕೆಲಸ. ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ಆ ಲೇಪ ಸತುವನ್ನಷ್ಟೇ ಕಪ್ಪು ಮಾಡಿ ಬೆಳ್ಳಿಯನ್ನು ಹಾಗೇ ಬಿಡುತ್ತದೆ. ಆಮೇಲೆ ಡ್ರಿಲ್ ಇಟ್ಟರೆ ತೂತಿನ ಅಂಚೆಲ್ಲ ಬಿಳಿಚಿಕೊಳ್ಳುತ್ತದೆ. ಪ್ಲೇಟಿನ ಹಿಂದಿನಿಂದ ಒಂದು ವೈರನ್ನು ಗಿಟಾರ್ ಒಳಗಿನ ಜ್ಯಾಕ್‌ನ ಗ್ರೌಂಡ್‌ಗೆ ಕೊಡಿ, ಗುಂಯ್ ಶಬ್ದ ತಗ್ಗುತ್ತದೆ. ಕಲಾವಿದರ ಹತ್ತಿರ ಚೌಕಾಸಿ ಮಾಡಬೇಡಿ. ಉಳಿಯಿಂದ ಗೆರೆ ಕೊರೆದು ಒಂದೊಂದು ಎಳೆ ಬೆಳ್ಳಿ ಬಡಿದು ಕೂರಿಸುವ ಕೆಲಸ ಅದು.

ಆದರೆ ಇದೆಲ್ಲಕ್ಕಿಂತ ಮುಂಚೆ ಇನ್ನೊಂದು ಸಲ ಅಟ್ಟ ಹತ್ತಿ. ದೊಡ್ಡಪ್ಪನ ಟ್ರಂಕ್ ಇದ್ದರೆ ತಳದವರೆಗೆ ನೋಡಿ, ಬಟ್ಟೆಯ ಮಡಿಕೆ, ಹಳೆ ಡಬ್ಬಿ, ಔಷಧಿ ಪೆಟ್ಟಿಗೆ ಎಲ್ಲ. ಬೆರಳಿನಷ್ಟು ಉದ್ದದ, ನುಣ್ಣಗೆ ಹೊಳೆಯುವ, ಕೈಯಲ್ಲಿ ಹಿಡಿದರೆ ಭಾರ ಅನಿಸುವ ಆ ಉಕ್ಕಿನ ಸರಳು ಅಲ್ಲೇ ಎಲ್ಲೋ ಇರಬೇಕು. ಜೊತೆಗೆ ಹೆಬ್ಬೆರಳಿಗೆ ಹಾಕುವ ಒಂದು ಉಂಗುರದಂಥ ಪ್ಲಾಸ್ಟಿಕ್ ಪಿಕ್. ಮನೆಯವರು ಅದು ಏನು ಅಂತ ಗೊತ್ತಿಲ್ಲದೆ ಮೊಳೆ ಡಬ್ಬಿಗೆ ಹಾಕಿರಬಹುದು, ಅದನ್ನೂ ಸುರುವಿ ನೋಡಿ. ಸಿಕ್ಕರೆ ಫೋಟೋ ಕಳಿಸಿ.